ಡಿ ಸಾಲಿನ ಗೋಡೆ

"ಈ ಬನೀನು ಯಾವನದು?"

ಬಾಡಿಗೆ ಮನೆಗಳ ಮ್ಯಾನೇಜರು ಹಗ್ಗದ ಮೇಲಿದ್ದ ಬನೀನನ್ನು ಪೆನ್ನಿನ ತುದಿಯಿಂದ ಎತ್ತಿ ಹಿಡಿದಿದ್ದ. ಕೈಯಿಂದ ಮುಟ್ಟಿದರೆ ಏನೋ ಅಂಟಿಕೊಳ್ಳುತ್ತದೆ ಅನ್ನುವ ಹಾಗೆ.

"ನಮ್ಮನೆಯವರದು ಸಾರ್" ಎಂದೆ.

"ನಿಮ್ಮನೆಯವರು ಸತ್ತು ಎರಡು ವರ್ಷ ಆಯ್ತು ಅಂತ ಫಾರಂನಲ್ಲಿ ನೀನೇ ಬರೆದಿದೀಯ. ಸತ್ತೋನು ಬನೀನು ಒಗೆಯೋಕೆ ಹಾಕ್ತಾನಾ?"

ಅವನ ಹಿಂದೆ ನಿಂತಿದ್ದ ಪ್ಲಂಬರ್ ಕಿಸಕ್ಕನೆ ನಕ್ಕ.

"ನಾನೇ ಹಾಕ್ಕೋತೀನಿ ಸಾರ್, ಕೆಲಸಕ್ಕೆ ಹೋಗುವಾಗ. ಲಾಂಡ್ರೀಲಿ ಬೆವರು ಜಾಸ್ತಿ."

"ನೀನು ಹಾಕ್ಕೋತೀಯ." ಅವನು ಬನೀನನ್ನೂ ನನ್ನ ಎದೆಯನ್ನೂ ಅಳತೆ ತೆಗೆಯುವವನಂತೆ ಒಂದಾದ ಮೇಲೊಂದು ನೋಡಿದ. "ನೋಡಮ್ಮ, ಗಂಡ ಸತ್ತೋಳು, ನಿನಗೂ ಆಸೆ ಇರುತ್ತೆ. ನಾನೇನೂ ಬೇಡ ಅನ್ನಲ್ಲ. ಆದ್ರೆ ಮಿಂಡನ್ನ ಮನೇಲಿ ಇಟ್ಕೊಂಡ್ರೆ ಅವನ ಹೆಸರೂ ಫಾರಂಗೆ ಹತ್ತಬೇಕು. ಈ ಮನೆಗೆ ಇಬ್ಬರೇ. ನೀನು, ನಿನ್ನ ಮಗಳು."

ಬಚ್ಚಲ ಬಾಗಿಲು ಅವನಿಂದ ಮೂರು ಹೆಜ್ಜೆ ದೂರದಲ್ಲಿತ್ತು. ಅದರ ಹಿಂದೆ ನನ್ನ ಮಾವ, ನನ್ನ ಗಂಡನ ಅಪ್ಪ, ಉಸಿರು ಬಿಗಿಹಿಡಿದು ನಿಂತಿದ್ದರು.

ನಾನು ಮ್ಯಾನೇಜರನ್ನು ಕರೆಸಿದ್ದು ಬನೀನು ತೋರಿಸುವುದಕ್ಕಲ್ಲ, ಗೋಡೆ ತೋರಿಸುವುದಕ್ಕೆ. ಮಲಗುವ ಕೋಣೆಯ ಹಿಂಗೋಡೆ ನೆಲದಿಂದ ಸೊಂಟದೆತ್ತರದವರೆಗೆ ಬೂಷ್ಟು ಹಿಡಿದು ಕಪ್ಪಗಾಗಿತ್ತು. ಕೈಯಿಟ್ಟರೆ ಬಣ್ಣ ಹಕ್ಕಳೆಯಾಗಿ ಎದ್ದು ಬರುತ್ತಿತ್ತು. ಇರುವುದೊಂದೇ ಕೋಣೆ. ಏಳು ವರ್ಷದ ಮಗಳು ಆ ಗೋಡೆಯ ಪಕ್ಕ ಮಲಗಿ ಬೆಳಿಗ್ಗೆ ಎದ್ದರೆ ಅವಳ ಎದೆಯ ಸಿಳ್ಳೆ ಅಡುಗೆಮನೆಗೆ ಕೇಳುತ್ತಿತ್ತು. ಗೋಡೆ ಒಣಗಿಸಿ, ಇಲ್ಲ ಮನೆ ಬದಲಾಯಿಸಿ ಎಂದು ಡಾಕ್ಟರು ಔಷಧಿ ಚೀಟಿಯ ಮೇಲೇ ಬರೆದುಕೊಟ್ಟಿದ್ದರು. ನಾಲ್ಕು ಸಲ ದೂರು ಬರೆದುಕೊಟ್ಟ ಮೇಲೆ ಇವನು ಬಂದಿದ್ದ.

ಗೋಡೆಯನ್ನು ನೋಡಿ ಅವನು ಮೂಗು ಮುಚ್ಚಿಕೊಂಡ. "ಇದು ಮನೆಯ ತಪ್ಪಲ್ಲಮ್ಮ, ನಿಮ್ಮ ತಪ್ಪು. ಕಿಟಕಿ ಹಾಕ್ಕೊಂಡು ಬೇಯಿಸ್ತೀರಿ, ಒದ್ದೆ ಬಟ್ಟೆ ಒಳಗೆ ಒಣಗಿಸ್ತೀರಿ. ನಿಮ್ಮಂಥೋರಿಗೆ ಮನೇಲಿರೋದು ಹೇಗೆ ಅಂತ ಗೊತ್ತಿಲ್ಲ."

"ಹೊರಗೆ ಒಣಗಿಸಬಾರದು ಅಂತ ನೀವೇ ಬೋರ್ಡ್ ಹಾಕಿದೀರಲ್ಲ ಸಾರ್."

"ಹೊರಗೆ ಒಣಗಿಸಿದ್ರೆ ಕೊಳೆಗೇರಿ ಥರ ಕಾಣುತ್ತೆ. ಮನೆ ನೋಡೋಕೆ ಬಂದೋರು ಗೇಟಿಂದಾನೇ ವಾಪಸ್ ಹೋಗ್ತಾರೆ."

"ಹಾಗಾದ್ರೆ ಎಲ್ಲಿ ಒಣಗಿಸ್ಲಿ?"

"ಅದೂ ನಾನೇ ಹೇಳ್ಬೇಕಾ? ಮೈಮೇಲೆ ಹಾಕ್ಕೊಂಡು ಒಣಗಿಸು."

ಹೋಗುವಾಗ ಪ್ಲಂಬರ್ ನೀರಿನ ಪೈಪನ್ನು ಎರಡು ಸಲ ತಟ್ಟಿ, "ಸೋರ್ತಾ ಇಲ್ಲ" ಎಂದು ಹೇಳಿ ಅವನ ಹಿಂದೆ ನಡೆದ.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಎಂಟು ಗಂಟೆ ಆವಿಯ ನಡುವೆಯೇ ನಿಂತಿರುತ್ತೇನೆ. ಆವಿ ಮೊದಲು ಸೂರಿಗೆ ಏರುತ್ತದೆ, ಅಲ್ಲಿಂದ ಗೋಡೆಯ ಮೇಲೆ ಗೆರೆಗೆರೆಯಾಗಿ ಕೆಳಗಿಳಿಯುತ್ತದೆ. ನಮ್ಮ ಮನೆಯ ಸೂರು ಬೆಳ್ಳಗೇ ಇತ್ತು. ಈ ತೇವ ಕೆಳಗಿನಿಂದ ಮೇಲಕ್ಕೆ ಹತ್ತುತ್ತಿತ್ತು. ಆ ಮಾತನ್ನು ಮ್ಯಾನೇಜರಿಗೆ ಹೇಳಬೇಕೆಂದು ಬಾಯಿವರೆಗೆ ತಂದುಕೊಂಡಿದ್ದೆ. ಬನೀನಿನ ಮಾತು ಬಂದಮೇಲೆ ನನ್ನ ನಾಲಿಗೆ ಬಿದ್ದುಹೋಯಿತು.

ಗೇಟಿನ ಸದ್ದಾದ ಮೇಲೆ ಮಾವ ಬಚ್ಚಲಿನಿಂದ ಹೊರಬಂದರು. ಅವರಿಗೆ ನನ್ನ ಮುಖ ನೋಡಲಾಗಲಿಲ್ಲ. ಹಗ್ಗದಿಂದ ಬನೀನನ್ನು ತೆಗೆದು ಮಡಚಿ, ಮತ್ತೆ ಬಿಚ್ಚಿ, ಕೊನೆಗೆ ಒದ್ದೆಯಾಗಿದ್ದ ಹಾಗೇ ತೊಟ್ಟುಕೊಂಡರು.

"ಅವನ ಬಾಯಿಗೆ ಮಣ್ಣು ಹಾಕ. ನನ್ನ ಸೊಸೆಗೆ ಆ ಮಾತು ಅಂದ. ನಾನು ಒಳಗೆ ಬಕೆಟ್ ಹಿಡ್ಕೊಂಡು ನಿಂತಿದ್ದೆ ತಾಯಿ, ಹೇಡಿ ಹಾಗೆ."

"ನೀವು ಹೊರಗೆ ಬಂದಿದ್ರೆ ಮೂರು ಜನಾನೂ ಬೀದೀಲಿ ಇರ್ತಿದ್ವಿ ಮಾವ."

ಅದು ನಿಜ. ಮೂವರಿದ್ದರೆ ದೊಡ್ಡ ಮನೆಯನ್ನೇ ಹಿಡಿಯಬೇಕು ಎಂಬುದು ಅಲ್ಲಿನ ನಿಯಮ, ಅದು ನನ್ನ ಕೈಗೆಟುಕುವ ಮಾತಲ್ಲ. ಮಗ ಸತ್ತ ಮೇಲೆ ಮಾವ ಕಟ್ಟಡ ಕೆಲಸದ ಶೆಡ್ಡುಗಳಲ್ಲೇ ಕಾಲ ಕಳೆದಿದ್ದರು. ಬಲಗೈ ನಡುಗಲು ಶುರುವಾದಾಗ ಅಲ್ಲಿಂದಲೂ ಕಳಿಸಿದರು. ಎಂಟು ತಿಂಗಳ ಹಿಂದೆ ಒಂದು ಚೀಲ ಹಿಡಿದು ನನ್ನ ಬಾಗಿಲಿಗೆ ಬಂದರು. ಅಂದಿನಿಂದ ಅವರು ಕಿಟಕಿಯ ಹತ್ತಿರ ನಿಂತವರಲ್ಲ. ಕೆಮ್ಮು ಬಂದರೆ ದಿಂಬಿಗೆ ಬಾಯಿಟ್ಟು ಕೆಮ್ಮುತ್ತಿದ್ದರು. ಮನೆಯಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಎರಡು ಬೆರಳು ತೋರಿಸಲು ಮಗಳಿಗೆ ಕಲಿಸಿದ್ದೆ.

ಮಾವ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತರು. ಉಗುರಿನಿಂದ ಗಾರೆ ಕೆರೆದು ಮೂಸಿದರು.

"ನಿನಗೊಂದು ಹೇಳ್ಬೇಕು ತಾಯಿ. ಬಂದ ದಿನಾನೇ ಹೇಳ್ಬೇಕಿತ್ತು. ಈ ಸಾಲು ಕಟ್ಟಿದ್ದು ನಾನು."

ನಾನು ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿದೆ.

"ಹದಿನಾಲ್ಕು ವರ್ಷ ಆಯ್ತು. ಎ, ಬಿ, ಸಿ ಸಾಲುಗಳು ಸರಿಯಾಗೇ ಆದ್ವು. ಈ ಡಿ ಸಾಲಿಗೆ ಬರೋಷ್ಟರಲ್ಲಿ ಓನರಿಗೆ ಅವಸರ. ಪಾಯದ ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕಿ, ನೆಲದ ನೀರು ಇಟ್ಟಿಗೆಗೆ ಏರದ ಹಾಗೆ ಡಾಂಬರು ಬಳೀಬೇಕು. ಬೇಡ, ಇಟ್ಟಿಗೆ ಇಡು ಅಂದ. ನಾನು, ಸ್ವಾಮಿ, ಹಾಗೆ ಮಾಡಿದ್ರೆ ಗೋಡೆ ನೀರು ಕುಡಿಯುತ್ತೆ ಅಂದೆ. ನೀನೇನು ಇಂಜಿನಿಯರಾ ಅಂದ. ಮಾರನೇ ದಿನ ಕೆಲಸ ಬೇಕು ನನಗೆ. ಇಟ್ಟೆ." ಅವರು ತಮ್ಮ ಅಂಗೈಯನ್ನು ನೋಡಿಕೊಂಡರು. "ನನ್ನ ಮೊಮ್ಮಗಳು ಇಲ್ಲಿ ಬಂದು ಮಲಗ್ತಾಳೆ ಅಂತ ನನಗೇನು ಕನಸು ಬಿದ್ದಿತ್ತಾ?"

ನನಗೆ ಅವರ ಮೇಲೆ ಕೋಪ ಬರಬೇಕಿತ್ತು. ಬಂದದ್ದು ಬೇರೇನೋ. ಇದು ನಮ್ಮ ಬೇಯಿಸುವಿಕೆಯ ಆವಿ ಅಲ್ಲ, ನಮ್ಮ ಬಟ್ಟೆಯ ಕೊಳಕು ಅಲ್ಲ ಎಂದು ಒಬ್ಬರಾದರೂ ಹೇಳಿದರಲ್ಲ ಎಂದು ಎದೆ ಹಗುರಾಯಿತು. ಅದೇ ಹುಮ್ಮಸ್ಸಿನಲ್ಲಿ ಮರುದಿನ ರಜೆ ಹಾಕಿದೆ. ಒಂದು ಬಿಳಿ ಹಾಳೆಯ ಮೇಲೆ ಡಿ ಸಾಲಿನ ಗೋಡೆಗಳನ್ನು ಸರಿಮಾಡಿಸಿಕೊಡಿ ಎಂದು ಬರೆದು ಸಾಲಿನ ಉಳಿದ ಹನ್ನೊಂದು ಮನೆಗಳ ಬಾಗಿಲು ತಟ್ಟಿದೆ.

ಎಲ್ಲರ ಮನೆಯಲ್ಲೂ ಅದೇ ಗೋಡೆ. ಬಸ್ ಡ್ರೈವರಣ್ಣ ಅದಕ್ಕೆ ಬೀರು ಅಡ್ಡ ಇಟ್ಟಿದ್ದ. ಇನ್ನೊಬ್ಬರು ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರು. ಕೊನೆ ಮನೆಯ ಆಯಮ್ಮ ನಮ್ಮ ಆಸ್ಪತ್ರೆಯಲ್ಲೇ ವಾರ್ಡು ಗುಡಿಸುವವಳು. ಅವಳು ಗೋಡೆಯಷ್ಟಗಲದ ಹೂವಿನ ಪರದೆ ಹಾಕಿದ್ದಳು. ಪರದೆ ಸರಿಸಿದರೆ ಅದರ ಬೆನ್ನೂ ಕಪ್ಪು.

"ಅಯ್ಯೋ ಅಕ್ಕ, ನಮ್ಮದೊಂದೇ ಮನೆ ಹೀಗೆ ಅಂದ್ಕೊಂಡಿದ್ದೆ. ಯಾರಿಗಾದ್ರೂ ಹೇಳಿದ್ರೆ ಗಲೀಜು ಹೆಂಗಸು ಅಂತಾರೆ ಅಂತ ಬಾಯಿ ಮುಚ್ಕೊಂಡಿದ್ದೆ" ಎಂದು ಮೊದಲ ಸಹಿ ಅವಳೇ ಹಾಕಿದಳು. ಅವಳ ಮಗು ಮೂರು ಸಲ ಆಸ್ಪತ್ರೆ ಸೇರಿ ಬಂದಿತ್ತು.

"ಆ ಮ್ಯಾನೇಜರ್ ಬೋಳಿಮಗನ್ನ ಒಂದು ವಾರ ಈ ಗೋಡೆಗೆ ಕಟ್ಟಿ ಹಾಕ್ಬೇಕು, ಅವನ ಮೇಲೂ ಬೂಷ್ಟು ಬರುತ್ತೆ" ಎಂದು ಡ್ರೈವರಣ್ಣ ದೊಡ್ಡದಾಗಿ ಸಹಿ ಮಾಡಿದ. ಒಟ್ಟು ಏಳು ಸಹಿಯಾಯಿತು. ಉಳಿದವರು ಮನೆಯವರನ್ನು ಕೇಳಿ ಹೇಳುತ್ತೇವೆ ಎಂದರು. ಕಾಗದ ಆಫೀಸಿಗೆ ಕೊಟ್ಟೆ. ಯಾರ ಬಾಯಿಂದ ಹೇಗೆ ಹೋಯಿತೋ ಗೊತ್ತಿಲ್ಲ, ಆ ಕಾಗದದ ಜೊತೆಯಲ್ಲೇ ನಮ್ಮ ಬಚ್ಚಲಿನ ಸುದ್ದಿಯೂ ಆಫೀಸು ಮುಟ್ಟಿತು.

ಭಾನುವಾರ ಮಧ್ಯಾಹ್ನ ಓನರೇ ಬಂದ. ಮ್ಯಾನೇಜರು ಬಂದ, ಕೈಯಲ್ಲೊಂದು ತೇವ ಅಳೆಯುವ ಪುಟ್ಟ ಮಿಷನ್ ಹಿಡಿದ ಇಂಜಿನಿಯರು ಬಂದ. ಸಾಲಿನವರೆಲ್ಲ ನಮ್ಮ ಬಾಗಿಲಲ್ಲಿ ನೆರೆದರು. ಓನರು ವಯಸ್ಸಾದವನು, ಮೆದುಮಾತಿನವನು. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದ. ಇವನಾದರೂ ಮನುಷ್ಯ ಇರಬಹುದು ಎಂದು ನನಗೆ ಅನ್ನಿಸಿದ್ದು ಆ ಚಪ್ಪಲಿಯಿಂದಲೇ.

ಇಂಜಿನಿಯರು ಮಿಷನ್ನಿನ ಮೊನೆಯನ್ನು ಗೋಡೆಗೆ ಚುಚ್ಚಿ, "ಒಳಗಿನ ಆವಿ ಸಾರ್. ಜನ ಜಾಸ್ತಿ ಇದ್ರೆ ಉಸಿರಿಂದಾನೇ ಇಷ್ಟು ತೇವ ಆಗುತ್ತೆ" ಎಂದ.

ಓನರು ಬಗ್ಗಿ ಮಗಳ ಗಲ್ಲ ಹಿಡಿದ. "ನಿಮ್ಮನೇಲಿ ಎಷ್ಟು ಜನ ಪುಟ್ಟಾ?"

ಮಗಳು ನನ್ನ ಮುಖ ನೋಡಿದಳು. ಎರಡು ಬೆರಳು ತೋರಿಸಿದಳು.

"ಮೂರನೆಯವನು ಬಚ್ಚಲಲ್ಲಿದಾನೆ ಸಾರ್" ಎಂದ ಮ್ಯಾನೇಜರು. "ಇವಳ ಮಿಂಡ. ಬಾಗಿಲು ಒದೀಲಾ?"

ಒದೆಯಬೇಕಾಗಲಿಲ್ಲ. ಚಿಲಕ ತೆಗೆದ ಸದ್ದಾಯಿತು. ಮಾವ ಹೊರಗೆ ಬಂದರು.

"ನಾಲಿಗೆ ಬಿಗಿಹಿಡಿದು ಮಾತಾಡೋ. ನಾನು ಇವಳ ಮಾವ" ಎಂದರು. ಆಮೇಲೆ ಓನರ ಕಡೆ ತಿರುಗಿದರು. "ಯಜಮಾನ್ರೇ, ಗುರುತು ಸಿಕ್ತಾ? ಈ ಸಾಲು ಕಟ್ಟಿದ ಮೇಸ್ತ್ರಿ ನಾನು. ಇದು ಉಸಿರಿನ ನೀರಲ್ಲ, ನೆಲದ ನೀರು. ಬೆಲ್ಟ್ ಹಾಕ್ಲಿಲ್ಲ, ಡಾಂಬರು ಬಳೀಲಿಲ್ಲ. ಬೇಡ ಅಂದೋರು ನೀವು. ಛತ್ರಿ ಹಿಡ್ಕೊಂಡು ಅಲ್ಲೇ ನಿಂತಿದ್ರಿ. ಇಲ್ಲ ಅಂತೀರಾ? ಗೋಡೆ ಬುಡ ಒಂದು ಗೇಣು ಒಡೆಸಿ. ಎಲ್ಲರ ಮುಂದೆ ಒಡೆಸಿ."

ಹಿಂದಿನಿಂದ ಡ್ರೈವರಣ್ಣ, "ಒಡೆಸಿ ಸಾರ್, ನೋಡೇಬಿಡಣ" ಎಂದ. ಇನ್ನಿಬ್ಬರು ಹೌದು ಹೌದು ಎಂದರು. ಆ ಒಂದು ಗಳಿಗೆ ನಾವು ಗೆದ್ದೆವು ಎಂದೇ ನಾನು ತಿಳಿದೆ.

ಓನರಿಗೆ ಮಾವನ ಗುರುತು ನಿಜಕ್ಕೂ ಸಿಗಲಿಲ್ಲ. ಅವನು ಸಿಟ್ಟಾಗಲೂ ಇಲ್ಲ.

"ಎಷ್ಟು ಮನೆ ಕಟ್ಟಿದೆಯಪ್ಪ ನೀನು?"

"ಈ ಹನ್ನೆರಡೂ."

"ಬೆಲ್ಟ್ ಹಾಕ್ಬೇಕು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಹಾಕ್ಲಿಲ್ಲ." ಓನರು ಬಾಗಿಲಲ್ಲಿದ್ದವರ ಕಡೆ ತಿರುಗಿದ. "ಎಲ್ಲರೂ ಕೇಳಿಸ್ಕೊಂಡ್ರಲ್ಲ? ನಾನು ನಂಬಿ ಕೆಲಸ ಕೊಟ್ಟೆ. ಇವನು ಹನ್ನೆರಡು ಮನೆ ಹಾಳು ಮಾಡ್ದ. ಈಗ ನನ್ನ ಮನೆ ಬಚ್ಚಲಲ್ಲೇ ಕದ್ದು ಕೂತು ನನ್ನ ಮೇಲೆ ಹೇಳ್ತಾನೆ. ನಿಮ್ಮ ಮಕ್ಕಳ ಕೆಮ್ಮಿಗೆ ಯಾರು ಕಾರಣ ಅಂತ ಅವನ ಬಾಯಲ್ಲೇ ಬಂತು." ಇಂಜಿನಿಯರಿಗೆ ಹೇಳಿದ, "ಕೆಲಸಗಾರನ ತಪ್ಪು ಅಂತ ಬರ್ಕೊಳ್ಳಿ."

"ಹೇಳ್ದೋರು ನೀವು! ಹೇಳ್ದೋರು ನೀವಲ್ವಾ!" ಮಾವನ ಸ್ವರ ಒಡೆಯಿತು. ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು.

ಜನರ ನಡುವಿನಿಂದ ಆಯಮ್ಮ ನುಗ್ಗಿ ಬಂದಳು. ಓನರ ಹತ್ತಿರ ಹೋಗುತ್ತಾಳೆ ಎಂದುಕೊಂಡೆ. ಅವಳು ಮಾವನ ಮುಂದೆ ನಿಂತು ಅವರ ಕಾಲ ಬಳಿ ಉಗಿದಳು. "ಥೂ! ನನ್ನ ಮಗು ಮೂರು ಸಲ ಸಾಯೋಕೆ ಹೋಗಿತ್ತಲ್ಲೋ ಮುದಿಯ. ನಿನ್ನ ಕೈಗೆ ಹುಳ ಬೀಳ."

ಮಾವ ಅವಳ ಮಾತನ್ನು ಒಪ್ಪಿಕೊಂಡವರ ಹಾಗೆ ತಲೆ ತಗ್ಗಿಸಿದರು. ಓನರು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಫಾರಂನಲ್ಲಿ ಇಲ್ಲದವರನ್ನು ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ಒಂದು ವಾರದಲ್ಲಿ ಖಾಲಿ ಮಾಡಬೇಕೆಂಬ ನೋಟೀಸನ್ನು ಮ್ಯಾನೇಜರು ಸಂಜೆಯೊಳಗೆ ಬಾಗಿಲಿಗೆ ಅಂಟಿಸಿದ. ಬೆಳಿಗ್ಗೆ ಡ್ರೈವರಣ್ಣ ಆಫೀಸಿಗೆ ಹೋಗಿ ತನ್ನ ಸಹಿ ಹೊಡೆದುಹಾಕಿಸಿ ಬಂದ. ದಾರಿಯಲ್ಲಿ ನನ್ನನ್ನು ಕಂಡು, "ತಂಗಿ, ನನಗೂ ಎರಡು ಹೆಣ್ಣುಮಕ್ಕಳು" ಎಂದ. ನಾನು ಸರಿ ಅಣ್ಣ ಎಂದೆ. ಇನ್ನೇನು ಅನ್ನಲಿ?

ವಾರವಿಡೀ ಮನೆ ಹುಡುಕಿದೆ. ಕೊನೆಗೆ ಇನ್ನೂ ಎರಡು ಬಸ್ಸಿನಷ್ಟು ದೂರದಲ್ಲಿ ಒಂದು ಕೋಣೆ ಸಿಕ್ಕಿತು. ಅಲ್ಲಿಯ ಫಾರಂನಲ್ಲೂ ಎಷ್ಟು ಜನ ಎಂಬ ಜಾಗವಿತ್ತು. ನಾನು ಇಬ್ಬರು ಎಂದೇ ಬರೆದೆ. ಮಾವನಿಗೆ ಹೇಳಿದಾಗ ಅವರು, "ಅಲ್ಲಿ ಬಚ್ಚಲು ದೊಡ್ಡದಿದೆಯಾ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ತಿಳಿಯಲಿಲ್ಲ.

ಖಾಲಿ ಮಾಡುವ ದಿನ ನಮ್ಮ ಸಾಮಾನು ಟೆಂಪೋಗೆ ಏರುತ್ತಿರುವಾಗಲೇ ಪೇಂಟರ್ ಬಂದು ಕಪ್ಪು ಗೋಡೆಯನ್ನು ಕೆರೆದು ಬಿಳಿ ಬಣ್ಣ ಬಳಿಯತೊಡಗಿದ. ಅವನು ಕೊನೆಯ ಮೂಲೆ ಮುಗಿಸಿ ನೀರು ಕುಡಿಯಲು ಹೊರಗೆ ಹೋದ. ನನಗೆ ಏನಾಯಿತೋ, ಹೋಗಿ ಹಸಿ ಬಣ್ಣದ ಮೇಲೆ ಬೆರಳಿನಿಂದ ಬರೆದೆ, ಗೇಣುದ್ದದ ಅಕ್ಷರಗಳಲ್ಲಿ: ಈ ಗೋಡೆ ನೀರು ಕುಡಿಯುತ್ತದೆ. ಇಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಪೇಂಟರ್ ಬಾಗಿಲಲ್ಲಿ ನಿಂತು ಓದಿದ. ಬೈಯಲಿಲ್ಲ. ರೋಲರ್ ಕೈಗೆತ್ತಿಕೊಳ್ಳಲೂ ಇಲ್ಲ. ಬೀಡಿ ಹಚ್ಚಿಕೊಂಡು ಅಂಗಳದಲ್ಲಿ ಕೂತುಬಿಟ್ಟ.

ಅಷ್ಟರಲ್ಲಿ ಹೊಸ ಬಾಡಿಗೆಯವಳು ಬಂದಳು. ಚಿಕ್ಕ ಪ್ರಾಯದವಳು, ಸೊಂಟದಲ್ಲಿ ಕೂಸು. ಗೋಡೆಯ ಮುಂದೆ ನಿಂತು ತುಟಿ ಅಲುಗಿಸಿ ಓದಿದಳು. ಎರಡು ಸಲ ಓದಿದಳು. ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟು, ರೋಲರನ್ನು ಬಣ್ಣದಲ್ಲದ್ದಿ, ನಾನು ಬರೆದದ್ದರ ಮೇಲೆ ತಾನೇ ಉಜ್ಜಿದಳು. ಒಂದೊಂದೇ ಅಕ್ಷರ ಮುಚ್ಚಿಹೋಯಿತು.

"ತಪ್ಪು ತಿಳ್ಕೋಬೇಡಿ ಅಕ್ಕ. ಮ್ಯಾನೇಜರ್ ಹಿಂದೇನೇ ಬರ್ತಿದಾರೆ. ನೋಡಿದ್ರೆ ನಮಗೆ ಮನೆ ಕೊಡಲ್ಲ. ನಾಲ್ಕು ತಿಂಗಳಿಂದ ಹುಡುಕ್ತಿದೀವಿ."

ಕೂಸನ್ನು ವಾಪಸು ತೆಗೆದುಕೊಳ್ಳುವಾಗ ಅವಳ ಬೆರಳಿನ ಬಣ್ಣ ಅದರ ಅಂಗಿಗೆ ಹತ್ತಿತು. ಅವಳು ಹತ್ತಿರ ಬಂದು ಸ್ವರ ತಗ್ಗಿಸಿ ಕೇಳಿದಳು: "ಹಾಗಾದ್ರೆ ತೊಟ್ಟಿಲು ಎಲ್ಲಿಡ್ಲಿ?"

ನಾನು ಮಾವನ ಕಡೆ ನೋಡಿದೆ. ಅವರು ತಲೆಯ ಮೇಲಿನ ಗಂಟನ್ನು ಕೆಳಗಿಳಿಸಿದರು. ಕೋಣೆಗೆ ಹೋಗಿ ಬಾಗಿಲ ಪಕ್ಕದಿಂದ ಶುರುಮಾಡಿ ಗೋಡೆಯ ಮೇಲೆ ಅಂಗೈ ಇಡುತ್ತಾ ನಡೆದರು. ಒಂದು ಗೋಡೆ, ಎರಡನೆಯದು, ಹಸಿ ಬಣ್ಣದ ಗೋಡೆ, ಕಿಟಕಿಯ ಗೋಡೆ. ಅಲ್ಲಲ್ಲಿ ನಿಂತು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಕೂಸು ಕಣ್ಣರಳಿಸಿ ಅವರನ್ನೇ ನೋಡುತ್ತಿತ್ತು. ಹೊರಗೆ ಟೆಂಪೋದವನು ಹಾರನ್ ಹೊಡೆದ. ಮಾವ ಹೊರಟಲ್ಲಿಗೇ ಬಂದು ನಿಂತರು, ಅಂಗೈಯನ್ನು ಬನೀನಿಗೆ ಒರೆಸಿಕೊಂಡರು, ಮತ್ತೆ ಮೊದಲ ಗೋಡೆಯಿಂದ ಶುರುಮಾಡಿದರು.