ಸಡಿಲಿಸಿದ ಬೆಣೆ

ಆಳಂದದ ಹೆಣ್ಣುಮಕ್ಕಳ ಶಾಲೆಯ ಹೊಸ ಕೋಣೆಗೆ ಕಾಂಕ್ರೀಟಿನ ಛತ್ತು ಹಾಕಿ ಹನ್ನೆರಡು ದಿನವಾಗಿತ್ತು. ಅದರ ಕೆಳಗೆ ನಿಲ್ಲಿಸಿದ ಆಸರೆಗಂಬಗಳನ್ನು ಶುಕ್ರವಾರ ಕಿತ್ತು ಜೇವರ್ಗಿಯ ಕೆಲಸಕ್ಕೆ ಒಯ್ಯಬೇಕೆಂದು ಗುತ್ತೇದಾರ ದತ್ತಪ್ಪನ ಅವಸರ. ಕೆಳಗೆ ಕೂಡುವವರು ನಲವತ್ತು ಹುಡುಗಿಯರು. ಛತ್ತು ತನ್ನ ಭಾರ ತಾನೇ ಹೊರುವುದೋ ಇಲ್ಲವೋ ನೋಡಿ ಹೇಳೆಂದು ಮುಖ್ಯೋಪಾಧ್ಯಾಯಿನಿ ರುಕ್ಮಿಣಿಬಾಯಿ, ನಮ್ಮ ದೊಡ್ಡಕ್ಕೋರು, ನನಗೆ ಒಪ್ಪಿಸಿದ್ದರು. ಶಾಲೆಯ ಶಿಕ್ಷಕಿಯರ ಪೈಕಿ ಹೈದರಾಬಾದಿನಲ್ಲಿ ಭೌತಶಾಸ್ತ್ರ ಓದಿ ಬಂದವಳು ನಾನೊಬ್ಬಳೇ.

ನಡುವಿನ ಕಂಬಕ್ಕೆ ಸೂಜಿ ಚುಚ್ಚಿ, ಜೋಳದ ದಂಟಿನ ಸೀಳನ್ನು ಗಡಿಯಾರದ ಮುಳ್ಳಿನಂತೆ ಕೂಡಿಸಿದ್ದೆ. ಭಾರ ಬಿದ್ದು ಕಂಬ ಕೂದಲೆಳೆಯಷ್ಟು ಕುಗ್ಗಿದರೂ ಮುಳ್ಳು ಹಿಂದೆ ಅಂಟಿಸಿದ ಕಾಗದದ ಗೆರೆಗಳ ಮೇಲೆ ಕೆಳಗಿಳಿಯುತ್ತದೆ. ಎಷ್ಟು ಭಾರಕ್ಕೆ ಎಷ್ಟು ಗೆರೆ ಎಂಬುದನ್ನು ಅಂಥದೇ ಕಂಬದ ಮೇಲೆ ಜೋಳದ ಚೀಲ ಹೇರಿ ಮೊದಲೇ ಗುರುತಿಸಿಕೊಂಡಿದ್ದೆ. ಸಂಜೆ ಎಲ್ಲ ಕಂಬಗಳ ಬುಡದ ಬೆಣೆ ತುಸು ಸಡಿಲಿಸಬೇಕು. ಆಗ ಭಾರ ತಪ್ಪಿ ಮುಳ್ಳು ಮೇಲೇರುತ್ತದೆ. ಬೆಳಿಗ್ಗೆಯೂ ಮುಳ್ಳು ಮೇಲೇ ಇದ್ದರೆ ಛತ್ತು ಗಟ್ಟಿ. ಇಳಿದಿದ್ದರೆ ಛತ್ತು ಬಾಗಿ ಮತ್ತೆ ಕಂಬದ ಮೇಲೆ ಕೂತಿದೆ.

ಮಂಗಳವಾರ ಸಂಜೆ ಕೂಲಿಯವರೂ ನಾನೂ ಸಡಿಲಿಸಿದೆವು. ಬುಧವಾರ ಮುಳ್ಳು ತಳಕ್ಕಿಳಿದಿತ್ತು. ಆದರೆ ಬೆಣೆಯ ಮೇಲೆ ಸುತ್ತಿಗೆಯ ಹೊಸ ಏಟು. ಮಿಸ್ತ್ರಿ ಮೌಲಾಲಿ ನಸುಕಿನಲ್ಲೇ ಬಂದು ಒಂದೊಂದು ಕಂಬ ಬಡಿದು ನೋಡಿ, ಸಡಿಲಿದ್ದುದನ್ನೆಲ್ಲ ಬಿಗಿದಿದ್ದ. ಛತ್ತು ಇಳಿಯಿತೋ, ಬೆಣೆ ಏರಿತೋ ಯಾರಿಗೆ ಗೊತ್ತು? ಅವನು ಅಪ್ಪನ ವಯಸ್ಸಿನವನು. ಬೇಡವೆನ್ನಲು ನಾಲಿಗೆ ಏಳಲಿಲ್ಲ. ಮನೆಗೆ ಹೋಗಿ ಡೈರಿಯಲ್ಲಿ ಎರಡು ಪುಟ ಬೈದೆ.

ಬುಧವಾರ ಸಂಜೆ ಮತ್ತೆ ಸಡಿಲಿಸಿದೆವು. ಗುರುವಾರ ಮತ್ತದೇ ಏಟು. ಬೆಣೆ ಮುಟ್ಟಬೇಡವೆಂದು ಚೀಟಿ ಬರೆದು ದೊಡ್ಡಕ್ಕೋರ ಕೈಲಿ ಅವನಿಗೆ ಕಳಿಸಿದ್ದೆ. ಓದು ಬಾರದ ಮೌಲಾಲಿ ಅದನ್ನು ಮಡಚಿ ರುಮಾಲಿನಲ್ಲಿ ಸಿಕ್ಕಿಸಿಕೊಂಡಿದ್ದನಂತೆ. ದತ್ತಪ್ಪ ನಗುತ್ತಾ, ಅಕ್ಕೋರ ದಂಟು ದನಕ್ಕೆ ಹಾಕ್ರಿ, ನಾಳೆ ಬಂಡಿ ಬರತಾವ ಅಂದ.

ಉಳಿದದ್ದು ಒಂದೇ ಸಂಜೆ. ಬೆಣೆ ಸಡಿಲಿಸಿದ ಮೇಲೆ ಮೌಲಾಲಿಯ ಎದುರು ನಿಂತೆ.

"ಚಾಚಾ, ನಾಳೆ ಹೊಡಿಬ್ಯಾಡ್ರಿ. ನೀವು ಬಿಗೀ ಮಾಡಿದ್ರ ನನಗ ಏನೂ ತಿಳಿಯಂಗಿಲ್ಲ."

ಅವನು ಮುಖ ಸಿಂಡರಿಸಿದ. "ಸಡ್ಲ ಕಂಬ ನೋಡಿ ಸುಮ್ಮನಿದ್ರ ನಾ ಎಂಥಾ ಮಿಸ್ತ್ರಿರೀ? ನೀವರ ಮಂಗಳವಾರನ ಯಾಕ ಹೇಳ್ಲಿಲ್ಲ?"

ಅವನು ಸುತ್ತಿಗೆಯನ್ನು ನನ್ನ ಕೈಗಿಟ್ಟ. ಇದು ಇದ್ರ ಕೈ ಸುಮ್ಮನಿರಾಂಗಿಲ್ಲ, ಒಯ್ಯಿರಿ ಅಂದ.

ಶುಕ್ರವಾರ ಬೆಣೆಗೆ ಹೊಸ ಏಟಿರಲಿಲ್ಲ. ಆದರೂ ಮುಳ್ಳು ಏಳು ಗೆರೆ ಇಳಿದಿತ್ತು. ದೊಡ್ಡಕ್ಕೋರು ಒಮ್ಮೆ ಬಗ್ಗಿ ನೋಡಿ, ಕಂಬ ಕೀಳಕೂಡದೆಂದರು. ಬಂಡಿಗಳು ಬರಿದೇ ತಿರುಗಿದವು. ದತ್ತಪ್ಪ ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಗೆದ್ದೆನೆಂದು ಅನಿಸಲಿಲ್ಲ. ಒಂದು ಮಾತಿಗೆ ಮೂರು ದಿನ ಹಿಡಿದಿತ್ತು.

ಮೌಲಾಲಿ ಕೈ ಚಾಚಿದ. "ಈಗರ ಬಿಗೀ ಮಾಡ್ಲೇನ್ರಿ?"

ಸುತ್ತಿಗೆ ಕೊಟ್ಟೆ.