ನೀಲಮನ ಬೆನ್ನು ಮತ್ತು ಓಪನ್ ಗಾರ್ಡ್

೧
ಈ ಕಥಿ ಎಲ್ಲಿಂದ ಶುರು ಮಾಡ್ಲಿ? ನೀಲಮ ನಿಂತಾಗಿಂದೋ, ಬಿದ್ದಾಗಿಂದೋ? ನಿಂತಾಗಿಂದ ಬರದ್ರ ನೀವು ಕುಸ್ತಿ ಕಥಿ ಅಂತೀರಿ. ಬಿದ್ದಾಗಿಂದ ಬರದ್ರ ಸೋತವರ ಕಥಿ ಅಂತೀರಿ. ಎರಡೂ ಅಲ್ಲ. ಏನು ಅಂತ ನನಗೂ ಪೂರಾ ತಿಳದಿಲ್ಲ. ಸಾವಕಾಶ ಓದ್ರಿ, ನಾನೂ ಸಾವಕಾಶ ಬರೀತೀನಿ.

೨ (ಮೊದಲನೇ ಡ್ರಾಫ್ಟ್)
ಜುಗೂಳದ ಧೂಳಪ್ಪ ಹಳೇ ಪೈಲ್ವಾನ. ಮೊಮ್ಮಗಳು ನೀಲಮಗ ಕೆಂಪು ಮಣ್ಣಿನಾಗ ಕುಸ್ತಿ ಕಲಿಸಿದವ ಅಂವನ. ತಾಲೀಮಿನಿಂದ ಬಂದ ಕೂಡ್ಲೇ ಅಕಿ ಅಂವಗ ಬೆನ್ನ ತೋರಿಸಿ ಒಳಗ ಹೋಗಬೇಕು. ಬೆನ್ನಿಗೆ ಮಣ್ಣ ಹತ್ತಿತ್ತಂದ್ರ ಚಿತ್ ಆಗ್ಯಾಳ, ಅಂಗಾತ ಬಿದ್ದು ಸೋತಾಳ ಅಂತ ಅರ್ಥ. ಆವತ್ತ ಅಕಿ ಕೂಡ ಮಾತಿಲ್ಲ. ಅಂವನ ತೋಳು, ಅಂವನ ಮೀಸಿ, ಅಂವ ಕುಡೀತಿದ್ದ ಹಾಲು...

(ಇಲ್ಲಿಗೆ ಬಿಟ್ಟೆ. ಹಳೇ ಪೈಲ್ವಾನ್ರನ್ನ ಕಂಡ್ರ ನನ್ನ ಪೆನ್ನು ತಾನ ಆ ಕಡೆ ಹೊಂಡತೈತಿ. ನೀಲಮ ಪಾಪ, ಬೆನ್ನ ತೋರಿಸಿ ಬಾಗಲದಾಗ ನಿಂತ ಬಿಟ್ಟಾಳ.)

೩
ಕುಸ್ತಿಗೆ ಜೋಡಿ ಸಿಗವಲ್ದು ಅಂತ ನೀಲಮ ಈಗ ಉಗಾರ ಖುರ್ದಕ್ಕ ಹೋಗಿ ಜಿಯು-ಜಿತ್ಸು ಕಲೀತಾಳ. ಬ್ರಾಜಿಲ್ ದೇಶದ ಕುಸ್ತಿ ಅಂತ. ಕಲಿಸವರು ಲಖನ ಸರ್. ಅಲ್ಲಿ ಮಣ್ಣಿಲ್ಲ, ಮ್ಯಾಟ್ ಐತಿ. ಬೆನ್ನಿಗೆ ಏನೂ ಹತ್ತೂದಿಲ್ಲ. ಮನಿಗೆ ಬಂದು ತೋರಿಸಿದ್ರ ಧೂಳಪ್ಪ "ಶಾಬಾಸ್!" ಅಂತಾನ. ಖರೆ ಏನಂದ್ರ, ಅಕಿ ದಿನಾ ಅಂಗಾತ ಬೀಳೂದನ್ನ ಕಲಿಯಾಕತ್ತಾಳ.

ಓಪನ್ ಗಾರ್ಡ್ ಅಂತಾರ ಅದಕ್ಕ. (ತಿಳದಷ್ಟು ಹೇಳ್ತೀನಿ.) ಬೆನ್ನ ಕೆಳಗ ಹಚ್ಚಬೇಕು. ಮ್ಯಾಲ ನಿಂತವರ ಟೊಂಕಕ್ಕ ಪಾದ ಕೊಡಬೇಕು, ಅವರ ತೋಳಿನ ಅರಿವಿ ಹಿಡಕೋಬೇಕು. ಕಾಲ ಸುತ್ತ ಹಾಕಿ ಬಿಗೀಬಾರದು. ಅವರು ಎತ್ತ ಸರೀತಾರೋ ಅತ್ತ ಕಾಲೂ ಸರೀಬೇಕು. ಬಿದ್ದಾಕಿ ಆಡಸ್ತಾಳ, ನಿಂತಾಕಿ ಆಡ್ತಾಳ. ಹಂಗಾದ್ರ ಮ್ಯಾಲ ಯಾರು, ಕೆಳಗ ಯಾರು? ನನ್ನ ತಲಿ ಗರಗರ.

೪
ನೀಲಮಗ ಅದ ಬರವಲ್ದು. ತಳ್ಳಿದ ಕೂಡ್ಲೇ ಮೈ ತಾನ ತಿರುಗಿ ಡಬ್ಬ ಬೀಳ್ತೈತಿ, ಹೊಟ್ಟಿ ಕೆಳಗ. ಕುಸ್ತ್ಯಾಗ ಅದು ಜಾಣತನ. ಇಲ್ಲಿ, ಹಂಗ ಬಿದ್ದಾಕಿ ಬೆನ್ನ ಮ್ಯಾಲ ಹತ್ತಿ ಕುತಗಿಗೆ ತೋಳ ಹಾಕಿ ಬಿಗೀತಾರ. ಮ್ಯಾಟ್ ಬಡದು ಸೋತೆ ಅನ್ನೂದೊಂದ ಉಳಿಯೂದು.

"ಮತ್ತ ಯಾಕ ತಿರಗ್ದೀ ಬೇ?" ಅಂತಾರ ಲಖನ ಸರ್.

"ನಾ ತಿರಗಿಲ್ರಿ ಸರ್, ಬೆನ್ನ ತಿರಗ್ತೈತ್ರಿ."

"ನಾಳಿಂದ ಅದನ್ನ ಮನ್ಯಾಗ ಇಟ್ಟ ಬಾ."

೫
ಇವತ್ತ ಉಗಾರದಾಗ ಸ್ಪರ್ಧೆ. ಗೆದ್ರ ಪುಣೆಕ್ಕ ಹೋಗೂ ಟೀಮಿನಾಗ ನೀಲಮನ ಹೆಸರು. ಧೂಳಪ್ಪ ಪಟಗಾ ಸುತ್ತಿ ಮುಂದಿನ ಕುರ್ಚ್ಯಾಗ ಕುಂತಾನ. "ಬೆನ್ನ ಹಚ್ಚಿದಿ ಅಂದ್ರ ನಿನ್ನ ಕೂಡ ಮಾತು ಇಲ್ಲಿಗೆ ಬಂದ್," ಅಂತ ಬಸ್ಸಿನಾಗ ಹೇಳ್ಯಾನ. ಡಬ್ಬ ಬಿದ್ರ ಆಟ ಹೋತು, ಅಂಗಾತ ಬಿದ್ರ ಅಜ್ಜ ಹೋದ.

ಮುಕ್ತಾಯ ಒಂದು: ನೀಲಮ ಅಂಗಾತ ಬಿದ್ದು ಗೆದ್ದಳು, ಧೂಳಪ್ಪ ಚಪ್ಪಾಳಿ ತಟ್ಟಿದ.

"ಹೊಡದ ಹಾಕಲೇ ಅದನ್ನ!" ಅಂದ ಧೂಳಪ್ಪ ಕಥಿ ಒಳಗಿಂದ. "ಇಡೀ ಜನ್ಮ ನಂಬಿದ್ದನ್ನ ಒಂದ ಸಾಲಿನಾಗ ಬಿಡಸ್ತೀ? ಅದೇನ ಅಂಗಿ ಏನು, ತಗದ ಗೂಟಕ್ಕ ಹಾಕಾಕ?"

ಮುಕ್ತಾಯ ಎರಡು: ಅಜ್ಜನ ಮಾನ ಉಳಿಸಾಕ ನೀಲಮ ಡಬ್ಬ ಬಿದ್ದು ಸೋತಳು.

"ಓದವರು ಅಳಲಿ ಅಂತ ನಾ ಸೋಲಬೇಕೇನ್ರಿ ಕಾಕಾ?" ಅಂದ್ಲು ನೀಲಮ. "ಕುತಗಿ ನಂದ್ರಿ, ನಿಮ್ದಲ್ಲ."

ಅದನ್ನೂ ಹೊಡದ ಹಾಕಿದೆ. (ನನ್ನ ಕಥ್ಯಾಗ ನನ್ನ ಮಾತು ಯಾರೂ ಕೇಳವಲ್ರು.)

೬
ಹಂಗಾದ್ರ ಕಂಡಷ್ಟ ಬರೀತೀನಿ. ಎದುರಾಳಿ ತಳ್ಳಿದ್ಲು. ನೀಲಮನ ಭುಜ ತಿರುಗಾಕ ಹತ್ತಿತು. ಅರ್ಧಕ್ಕ ನಿಂತಿತು. ಅಕಿ ಅಜ್ಜನ ಕಡೆ ನೋಡಲಿಲ್ಲ. (ನೋಡಿದ್ಲು ಅಂತ ಮೊದಲ ಬರದಿದ್ದೆ.) ಭುಜ ಸಾವಕಾಶ ಹಿಂದಕ್ಕ ಬಂದು ಮ್ಯಾಟಿಗೆ ಹತ್ತಿತು, ಆಮ್ಯಾಲ ಇನ್ನೊಂದೂ. ಎರಡೂ ಪಾದ ಎದುರಾಳಿ ಟೊಂಕಕ್ಕ.

ಧೂಳಪ್ಪ ಕುರ್ಚಿಯಿಂದ ಎದ್ದ.

"ಯಾಕ ಎದ್ದೀ ಧೂಳಪ್ಪ?" ಅಂತ ಕೇಳಿದೆ ನಾ.

"ಎದ್ದ ಅಂತಷ್ಟ ಬರಿ."

"ಹೊರಗ ಹೋಗಾಕೋ, ಅಕಿನ್ನ ಬೈಯಾಕೋ?"

"ನನಗ ಗೊತ್ತಿದ್ರ ನಿನಗ ಹೇಳ್ತಿದ್ದಿಲ್ಲೇನ್ಲೇ?" ಅಂವನ ಬಲಗೈ ಗಾಳ್ಯಾಗ ಯಾರದೋ ತೋಳ ಹಿಡದಂಗ ಮುಚ್ಚಿತ್ತು. ಮಾರಿ ಬಾಗಲದ ಕಡೆ ಇತ್ತು, ಕಣ್ಣು ಮ್ಯಾಟಿನ ಮ್ಯಾಲ. "ಅಕಿ ಎಡಗಾಲ ಸಡ್ಲ ಐತಿ," ಅಂತ ಗೊಣಗಿದ.

ಅದು ಬೈಗುಳೋ, ಪಾಠೋ? ನಾ ಪೆನ್ನ ಎತ್ತಿ ಹಿಡದು ಕುಂತೆ. ಮುಂದಿನ ಸಾಲ ಬರವಲ್ದು.

ಕೆಳಗಿಂದ ನೀಲಮ ಅಂದ್ಲು: "ಬರದ್ರ ಬರೀರಿ, ಬಿಟ್ರ ಬಿಡ್ರಿ ಕಾಕಾ. ನಾ ಅಂತೂ ಕಾಲ ತಗ್ಯಾಂಗಿಲ್ಲ."