ಅಪ್ಪನ ಪ್ಲಗ್ಗು

ಅಪ್ಪನನ್ನು ಮಲಗಿಸಿದ್ದ ಐಸ್ ಪೆಟ್ಟಿಗೆಯ ವಯರು ಹಿಡಿದುಕೊಂಡು ನಡುಮನೆಯೆಲ್ಲ ತಡಕಾಡಿದ ಚಿಕ್ಕಪ್ಪ ಕಡೆಗೆ ಮೂಲೆಯ ಪ್ಲಗ್ಗು ಕಿತ್ತರು. ಅಲ್ಲಿದ್ದ ಪುಟ್ಟ ಕಂಪ್ಯೂಟರ್ ಡಬ್ಬಿಯ ಹಸಿರು ದೀಪ ಆರಿತು.

"ಚಿಕ್ಕಪ್ಪಾ! ಅದು ಅಪ್ಪನ ಲೈಬ್ರರಿ!" ಮಗಳು ಕೂಗಿದಳು.

"ಪುಸ್ತಕ ಕೆಡಲ್ಲ ಕಣಮ್ಮ. ನಿಮ್ಮಪ್ಪ ಕೆಡ್ತಾನೆ."

ಅಪ್ಪ ಲಿಫ್ಟ್ ಮೆಕ್ಯಾನಿಕ್. ಕಟ್ಟಡದ ಅಷ್ಟೂ ಮನೆಗಳ ಫೋನುಗಳಿಗೆ ಆ ಡಬ್ಬಿಯಿಂದಲೇ ಪುಸ್ತಕ ಹೋಗುತ್ತಿತ್ತು. ಈಗ ಅದೇ ಮನೆಗಳವರು ಮುಖ ಸಣ್ಣದು ಮಾಡಿಕೊಂಡು ಒಳಗೆ ಬರುತ್ತಿದ್ದರು.

"ಎಂಥಾ ಮನುಷ್ಯ ಹೋಗ್ಬಿಟ್ಟ," ಎಂದು ಟೈಲರ್ ಅಕ್ಕ ಕಣ್ಣೊರೆಸಿಕೊಂಡಳು. "ಅಲ್ಲಾ ಪುಟ್ಟೀ, ಬೆಳಗ್ಗೆಯಿಂದ ಪುಸ್ತಕ ತೆರೀತಾನೇ ಇಲ್ವಲ್ಲೇ?"

ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು ಎದೆಗೆ ಕೈಯೊತ್ತಿ ನಿಂತರು. "ತುಂಬಲಾರದ ನಷ್ಟ." ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದರು. "ಒಂದೇ ಅಧ್ಯಾಯ ಉಳಿದಿತ್ತಮ್ಮಾ. ಯಾವಾಗ ಸರಿಹೋಗ್ಬಹುದು?"

ಮಗಳ ಮೈಯೆಲ್ಲ ಉರಿದುಹೋಯಿತು.

*

ಇದೇ ಅಧ್ಯಕ್ಷರು ಆ ಡಬ್ಬಿಯನ್ನು ಸಂಘದ ಕೋಣೆಯಿಂದ ಹೊರಗೆ ಹಾಕಿಸಿದ್ದರು. "ಇಲ್ಲಿ ಓದೋರು ಯಾರ್ರೀ? ಕರೆಂಟು ದಂಡ." ಅಪ್ಪ ಅದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ತಂದಿದ್ದ.

ಆಮೇಲೆ ಅಧ್ಯಕ್ಷರೇ ಕದ್ದು ಓದತೊಡಗಿದರು, ಅಪ್ಪನ ಹೆಸರಿನಲ್ಲಿ. ಯಾರು ಕೇಳಿದರೂ ಅಪ್ಪ ಪಾಸ್‌ವರ್ಡು ಹೇಳಿಬಿಡುತ್ತಿದ್ದ. ಎಲ್ಲರೂ ಒಂದೇ ಖಾತೆಗೆ ನುಗ್ಗಿದ್ದರಿಂದ ಒಬ್ಬರು ಬಿಟ್ಟ ಪುಟ ಇನ್ನೊಬ್ಬರಿಗೆ ತೆರೆದುಕೊಂಡು, ಮೆಟ್ಟಿಲ ಮೇಲೆ ಜಗಳ.

"ನಾನಿನ್ನೂ ಕೊಲೆಗಾರನ್ನ ಹುಡುಕ್ತಿದ್ದೆ," ಟೈಲರ್ ಅಕ್ಕ ಕೂಗಾಡಿದ್ದಳು. "ನೀವಾಗ್ಲೇ ನೇಣಿಗೇ ಹಾಕಿಸಿದ್ದೀರಲ್ರೀ ಅಧ್ಯಕ್ಷರೇ!"

ಅಪ್ಪ ಭಾನುವಾರವಿಡೀ ಕೂತು ಪ್ರತಿಯೊಬ್ಬರಿಗೂ ಬೇರೆ ಖಾತೆ, ಬೇರೆ ಕಪಾಟು ಮಾಡಿಕೊಟ್ಟ. ಡಬ್ಬಿ ಶುರುವಾದಾಗಲೆಲ್ಲ ಎಲ್ಲರ ಫೋನಿಗೂ ಟಿಣ್ ಎಂದು ಒಂದು ಸಂದೇಶ: 'ಬಾಗಿಲು ತೆಗೆದಿದೆ, ಬನ್ನಿ.'

"ಆ ಅಧ್ಯಕ್ಷನ್ನೂ ಯಾಕಪ್ಪಾ ಸೇರಿಸ್ದೆ?"

"ಲಿಫ್ಟು ಮುಖ ನೋಡಿ ಹತ್ತಿಸ್ಕೊಳ್ಳುತ್ತೇನೇ?"

*

ಅಪ್ಪನನ್ನು ಮರದ ಪೆಟ್ಟಿಗೆಗೆ ಇಳಿಸಿದರು. ಚಿಕ್ಕಪ್ಪ ಡಬ್ಬಿಯನ್ನು ಕಾಲಲ್ಲಿ ಸರಿಸಿದರು. "ಇದನ್ನ ನಾಳೆ ಗುಜರಿಗೆ ಹಾಕ್ಬಿಡೋಣ."

"ಮೊದಲು ನನ್ನನ್ನ ಹಾಕಿ," ಎಂದಳು ಮಗಳು. ಐಸ್ ಪೆಟ್ಟಿಗೆಯ ವಯರು ಕಿತ್ತೆಸೆದು, ಅಪ್ಪನ ಪ್ಲಗ್ಗು ಸಿಕ್ಕಿಸಿದಳು.

ನಾಲ್ವರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಮುಂದಿನ ಮೂಲೆ ಅಧ್ಯಕ್ಷರದು. ಎಲ್ಲರಿಗೂ ಕಾಣಲೆಂದು ಕೇಳಿ ಪಡೆದ ಜಾಗ. ಹೊಸಿಲು ದಾಟುವಷ್ಟರಲ್ಲಿ ಜೇಬುಜೇಬಿನಲ್ಲೂ ಟಿಣ್, ಟಿಣ್, ಟಿಣ್. ಅಧ್ಯಕ್ಷರ ಕೈ ತಾನಾಗಿಯೇ ಜೇಬಿಗಿಳಿಯಿತು. ಪೆಟ್ಟಿಗೆ ಆ ಕಡೆಗೆ ವಾಲಿತು.

"ಸರೀರಿ ಆಚೆಗೆ. ಓದ್ಕೊಳ್ಳಿ ಹೋಗಿ!"

ಅವರನ್ನು ತಳ್ಳಿ, ಮಗಳು ತನ್ನ ಹೆಗಲು ಕೊಟ್ಟಳು. ಪೆಟ್ಟಿಗೆ ನೆಟ್ಟಗಾಗಿ ಮೆಟ್ಟಿಲಿಳಿಯಿತು. ಗೋಡೆಗಂಟಿ ನಿಂತ ಅಧ್ಯಕ್ಷರ ಮುಖದ ಮೇಲೆ ಫೋನಿನ ಬೆಳಕು: 'ಬಾಗಿಲು ತೆಗೆದಿದೆ, ಬನ್ನಿ.'